ಬಾಣಕ್ಕಿಂತ ಮೊದಲೇ ಬರಿದಾದ ಕಣಜ

ಕ್ರಿ.ಪೂ. 707ರ ಶರತ್ಕಾಲ. ಚೀನಾದ ಶುಗೆ ಎಂಬಲ್ಲಿ ಎರಡು ಸೇನೆಗಳು ಎದುರುಬದುರಾಗಿವೆ. ಒಂದು ಕಡೆ ಝೌ ವಂಶದ ರಾಜ ಹುವಾನ್, ಇನ್ನೊಂದು ಕಡೆ ಅವನದೇ ಸಾಮಂತ, ಝೆಂಗ್ ನಾಡಿನ ದೊರೆ ಝುವಾಂಗ್. ಝೆಂಗ್ ಪಾಳಯದ ಝು ಡಾನ್ ಬಿಟ್ಟ ಬಾಣ ಹೋಗಿ ರಾಜನ ಭುಜಕ್ಕೇ ನಾಟಿತು. ಝೌ ರಾಜನನ್ನು ಜನ ಸ್ವರ್ಗದ ಮಗ ಅಂತ ಕರೆಯುತ್ತಿದ್ದರು. ಅಂಥವನ ಮೈಗೆ ಬಾಣ!

ಝೌ ಅರಸರ ಮರ್ಯಾದೆ ಹೋದದ್ದು ಅಂದೇ ಅನ್ನುವವರು ಜಾಸ್ತಿ. ನನ್ನನ್ನು ಕೇಳಿದರೆ, ಅದು ಹೋಗಲು ಶುರುವಾಗಿ ಅರವತ್ತು ವರ್ಷ ದಾಟಿತ್ತು.

ಕ್ರಿ.ಪೂ. 771ರಲ್ಲಿ ಕ್ವಾನ್‌ರೊಂಗ್ ಎಂಬ ಬುಡಕಟ್ಟಿನ ಪಡೆ ಹುವಾನ್‌ನ ಮುತ್ತಜ್ಜ ಯೂ ರಾಜನನ್ನು ಕೊಂದಿತು. ಮರುವರ್ಷ ಯೂನ ಮಗ ಪಿಂಗ್ ರಾಜಧಾನಿಯನ್ನು ಪೂರ್ವದ ಲುವೊಯಿಗೆ, ಅಂದರೆ ಇಂದಿನ ಲುವೊಯಾಂಗ್‌ಗೆ, ತಂದ. ಪಶ್ಚಿಮದ ಫಲವತ್ತಾದ ಕಣಿವೆ ಕೈಬಿಟ್ಟಿತು. ಝೌ ಅರಸರು ಜಮೀನು ಕೊಟ್ಟೇ ನಿಷ್ಠೆ ಗಳಿಸಿದವರು. ಈಗ ಕೊಡಲು ಏನಿದೆ? ಸುತ್ತ ಸಾಮಂತರು, ನಡುವೆ ಚೂರು ನೆಲ.

ಆಸ್ಥಾನದಲ್ಲಿ ಝೆಂಗ್ ದೊರೆಯದೇ ಕಾರುಬಾರು. ಪಿಂಗ್ ಸದ್ದಿಲ್ಲದೆ ಇನ್ನೊಬ್ಬ ಸಾಮಂತ, ಗುವೊ ನಾಡಿನ ದೊರೆಯ ಕಡೆ ವಾಲತೊಡಗಿದ. ಝುವಾಂಗ್ ಮುನಿಸಿಕೊಂಡಾಗ, ಹಾಗೇನೂ ಇಲ್ಲ ಅಂದುಬಿಟ್ಟ. ನಂಬಿಸಲು ರಾಜನ ಮಗ ಝೆಂಗ್‌ಗೆ, ಝುವಾಂಗ್‌ನ ಮಗ ಝೌಗೆ ಒತ್ತೆಯಾಳಾಗಿ ಹೋದರು. ರಾಜನೇ ಸಾಮಂತನ ಹತ್ತಿರ ಮಗನನ್ನು ಅಡವಿಡುವುದು ಅಂದರೆ ಏನರ್ಥ ಅಲ್ವಾ?

ಕ್ರಿ.ಪೂ. 720ರಲ್ಲಿ ಪಿಂಗ್ ತೀರಿಕೊಂಡ. ಪಟ್ಟಕ್ಕೆ ಬಂದ ಮೊಮ್ಮಗ ಹುವಾನ್‌ನ ಆಸ್ಥಾನ ಅಧಿಕಾರವನ್ನು ಗುವೊ ದೊರೆಗೆ ಕೊಡಲು ಹೊರಟಿತು. ಝುವಾಂಗ್ ಜಗಳಕ್ಕೆ ಬರಲಿಲ್ಲ, ಕುಡುಗೋಲು ಕಳಿಸಿದ. ಅವನ ಮಂತ್ರಿ ಝಾಯ್ ಝೋಂಗ್ ಸೈನ್ಯದೊಂದಿಗೆ ಬಂದು ವೆನ್ ಊರಿನ ಗೋಧಿ ಹೊತ್ತೊಯ್ದ. ಶರತ್ಕಾಲಕ್ಕೆ ಮತ್ತೆ ಬಂದು ರಾಜಧಾನಿ ಬಳಿಯ ಪೈರನ್ನೂ ಬಿಡಲಿಲ್ಲ. ಅದೇ ವರ್ಷ ಪಿಂಗ್‌ನ ಶವಸಂಸ್ಕಾರಕ್ಕೆ ನೆರವು ಕೊಡಿ ಎಂದು ಆಸ್ಥಾನದವರು ಲು ಎಂಬ ಸಾಮಂತ ನಾಡಿನ ಬಾಗಿಲು ತಟ್ಟಿದರು.

ಮೂರು ವರ್ಷದ ಮೇಲೆ ಝುವಾಂಗ್ ರಾಜನನ್ನು ಕಾಣಲು ಬಂದ. ಹುವಾನ್ ಮುಖ ಕೊಟ್ಟು ಮಾತಾಡಿಸಲಿಲ್ಲ. ಕ್ರಿ.ಪೂ. 712ರಲ್ಲಂತೂ ಇನ್ನೂ ತಮಾಷೆ. ಝೆಂಗ್‌ನಿಂದ ನಾಲ್ಕು ಜಾಗ ಕಿತ್ತುಕೊಂಡು ಬದಲಿಗೆ ಹನ್ನೆರಡು ಕೊಟ್ಟ. ಆ ಹನ್ನೆರಡೂ ಸು ಮನೆತನದವು, ರಾಜನ ಹಿಡಿತದಲ್ಲೇ ಇರಲಿಲ್ಲ! ಅತ್ತೆಯ ಧನ ಅಳಿಯ ದಾನ ಮಾಡಿದ ಅಂತಾರಲ್ಲ, ಹಾಗೆ.

ಕ್ರಿ.ಪೂ. 707ರಲ್ಲಿ ಝುವಾಂಗ್‌ನ ಅಧಿಕಾರವನ್ನು ಪೂರ್ತಿ ಕಿತ್ತುಕೊಂಡ. ಝುವಾಂಗ್ ಆಸ್ಥಾನಕ್ಕೆ ಬರುವುದನ್ನೇ ಬಿಟ್ಟ. ರಾಜ ಚೆನ್, ತ್ಸಾಯ್, ವೇಯ್ ನಾಡುಗಳ ಪಡೆ ಕಟ್ಟಿಕೊಂಡು ತಾನೇ ದಂಡೆತ್ತಿ ಹೋದ. ಆಗ ಚೆನ್‌ನಲ್ಲಿ ಒಳಜಗಳ, ಅವರ ಸೈನಿಕರಿಗೆ ಕಾದಾಡುವ ಮನಸ್ಸಿರಲಿಲ್ಲ. ಝೆಂಗ್‌ನವರು ಅವರಿಗೇ ಮೊದಲು ಹೊಡೆದರು. ಎಡಗಡೆಯ ಚೆನ್ ಪಡೆ ಓಡಿತು, ಬಲಗಡೆಯ ತ್ಸಾಯ್, ವೇಯ್ ಪಡೆಗಳೂ ಓಡಿದವು, ನಡುವಿನ ರಾಜ ಸಿಕ್ಕಿಕೊಂಡ. ಬಾಣ ತಗುಲಿದರೂ ಸೇನೆಯನ್ನು ಸಂಭಾಳಿಸಿದ, ಆ ಮಟ್ಟಿಗೆ ಗಟ್ಟಿಗ.

ಬೆನ್ನಟ್ಟೋಣ ಎಂದ ಝು ಡಾನ್‌ನನ್ನು ಝುವಾಂಗ್ ತಡೆದ: ನಾಡು ಉಳಿದರೆ ಸಾಕು, ಸ್ವರ್ಗದ ಮಗನ ಮೇಲೆ ಕೈ ಮಾಡುವುದು ಬೇಡ. ರಾತ್ರಿ ರಾಜನ ಯೋಗಕ್ಷೇಮ ವಿಚಾರಿಸಲು ತನ್ನ ಮಂತ್ರಿಯನ್ನು ಕಳಿಸಿದ. ಕಳಿಸಿದ್ದು ಯಾರನ್ನು? ಗೋಧಿ ಹೊತ್ತೊಯ್ದಿದ್ದ ಅದೇ ಝಾಯ್ ಝೋಂಗ್‌ನನ್ನು. ಬಾಣಕ್ಕಿಂತ ಈ ಭೇಟಿಯೇ ಜಾಸ್ತಿ ಚುಚ್ಚಿರಬೇಕು.

ಮೂರು ವರ್ಷದಲ್ಲಿ ದಕ್ಷಿಣದ ಚು ದೊರೆ ತನ್ನನ್ನೂ ರಾಜನೆಂದೇ ಕರೆದುಕೊಂಡ. ಹುವಾನ್‌ಗೆ ಏನೂ ಮಾಡಲಾಗಲಿಲ್ಲ.

ಕ್ರಿ.ಪೂ. 697ರ ವಸಂತದಲ್ಲಿ ಅವನ ದೂತ ಮತ್ತೆ ಲು ನಾಡಿಗೆ ಹೋದ, ಈ ಸಲ ರಥ ಕೇಳಲು. ಸಾಮಂತರು ರಾಜನಿಗೆ ರಥ ಕೊಡುವ ಪದ್ಧತಿಯೇ ಇರಲಿಲ್ಲ, ರಾಜ ಕೈಚಾಚುವ ಪದ್ಧತಿಯೂ ಇರಲಿಲ್ಲ. ಸ್ವಲ್ಪ ದಿನದಲ್ಲೇ ಹುವಾನ್ ತೀರಿಕೊಂಡ. ಲು ನಾಡಿನ ದಾಖಲೆಯಲ್ಲಿ ಅವನನ್ನು ಮಣ್ಣು ಮಾಡಿದ ಸುದ್ದಿ ಇರುವುದು ಆರು ವರ್ಷದ ಮೇಲೆ, ಕ್ರಿ.ಪೂ. 691ರಲ್ಲಿ.