ಕ್ರೂಸ್ ಹಡಗಿಗೆ ಸ್ವಂತ ಬಾಟಲಿ ಒಯ್ಯುವ ಮುನ್ನ

ಬಂದರಿನ ಟರ್ಮಿನಲ್‌ನಲ್ಲಿ ಪೋರ್ಟರ್ ಕೈಗೆ ಒಪ್ಪಿಸಿದ ಸೂಟ್‌ಕೇಸು ಹಡಗು ದಡ ಬಿಟ್ಟ ಮೇಲೂ ಕ್ಯಾಬಿನ್ ಬಾಗಿಲಿಗೆ ಬಂದಿಲ್ಲವೆಂದರೆ, ಅದರೊಳಗೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಇರುತ್ತದೆ: ಇಸ್ತ್ರಿ ಪೆಟ್ಟಿಗೆ, ಚಾಕು, ಇಲ್ಲವೇ ಮದ್ಯದ ಬಾಟಲಿ. ಸೂಟ್‌ಕೇಸು ಭದ್ರತಾ ಸಿಬ್ಬಂದಿಯ ಕೋಣೆಯಲ್ಲಿ ಕೂತಿರುತ್ತದೆ. ನೀವು ಕೆಳಗಿನ ಡೆಕ್‌ಗೆ ಹೋಗಿ ಸಾಲಿನಲ್ಲಿ ನಿಂತು, ಅಧಿಕಾರಿಯ ಎದುರು ಬೀಗ ತೆರೆದು, ಬಾಟಲಿ ಒಪ್ಪಿಸಿ, ಚೀಟಿ ಪಡೆದು ಬರಬೇಕು. ಅಷ್ಟರಲ್ಲಿ ಮೊದಲ ರಾತ್ರಿಯ ಊಟದ ಹೊತ್ತು ಮೀರಿರುತ್ತದೆ. ಊಟಕ್ಕೆ ಹಾಕಿಕೊಳ್ಳಬೇಕೆಂದಿದ್ದ ಬಟ್ಟೆಯೂ ಅದೇ ಪೆಟ್ಟಿಗೆಯಲ್ಲಿತ್ತು.

ಬೇಸರದ ಸಂಗತಿಯೆಂದರೆ, ಅದೇ ವೈನ್ ಬಾಟಲಿ ಕೈಚೀಲದಲ್ಲಿ ಇದ್ದಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಸ್ವಂತ ವೈನ್‌ಗೆ ಅವಕಾಶ ಕೊಡುವ ಕಂಪನಿಗಳು ಅದನ್ನು ಹತ್ತುವ ದಿನ, ಕೈಯಲ್ಲಿ ಹಿಡಿದು ತರಬೇಕೆಂದು ಬಯಸುತ್ತವೆ. ಕೈಚೀಲದ ತಪಾಸಣೆಯಲ್ಲಿ ಬಾಟಲಿಯ ಜೊತೆ ಅದರ ಮಾಲೀಕರೂ ಎದುರಿಗಿರುತ್ತಾರೆ. ವಯಸ್ಸು, ತಲೆಲೆಕ್ಕ, ಸೀಲು ಮೂರನ್ನೂ ಒಂದೇ ನೋಟಕ್ಕೆ ನೋಡಿ ಮುಗಿಸಬಹುದು. ಪೋರ್ಟರ್‌ಗೆ ಕೊಟ್ಟ ಲಗೇಜು ಕಬ್ಬಿಣದ ಬುಟ್ಟಿಗಳಲ್ಲಿ ಒಂದರ ಮೇಲೊಂದು ಪೇರಿಸಿಕೊಂಡು ಒಳಗೆ ಹೋಗುತ್ತದೆ. ಅಲ್ಲಿ ಒಂದು ಕೆಂಪು ವೈನ್ ಒಡೆದರೆ ಹಾಳಾಗುವುದು ನಿಮ್ಮ ಬಟ್ಟೆ ಮಾತ್ರವಲ್ಲ.

ಹಾಗಾದರೆ ಎಷ್ಟು ಒಯ್ಯಬಹುದು? ದೊಡ್ಡ ಅಮೆರಿಕನ್ ಕಂಪನಿಗಳ ನಿಯಮಕ್ಕೆ ಒಂದು ಸಾಮಾನ್ಯ ಅಚ್ಚಿದೆ: ಕುಡಿಯುವ ವಯಸ್ಸಾದ ಪ್ರತಿಯೊಬ್ಬರಿಗೆ 750 ಮಿ.ಲೀ.ನ ಒಂದು ವೈನ್ ಅಥವಾ ಶಾಂಪೇನ್, ಕಾರ್ಖಾನೆಯ ಸೀಲು ಒಡೆಯದೆ, ಹತ್ತುವ ದಿನ ಮಾತ್ರ. ಕಾರ್ನಿವಲ್ ಮತ್ತು ರಾಯಲ್ ಕೆರಿಬಿಯನ್ ಹೆಚ್ಚುಕಡಿಮೆ ಈ ಅಚ್ಚಿನಲ್ಲೇ ನಡೆಯುತ್ತವೆ. ಹಾಲೆಂಡ್ ಅಮೆರಿಕ ಮತ್ತು ಪ್ರಿನ್ಸೆಸ್‌ನಲ್ಲಿ ಮೊದಲ ಬಾಟಲಿಯ ಮೇಲೂ ಇನ್ನಷ್ಟು ತರಬಹುದು, ಆದರೆ ಹೆಚ್ಚುವರಿ ಪ್ರತಿ ಬಾಟಲಿಗೂ ಶುಲ್ಕ ತೆರಬೇಕು. ನಾರ್ವೇಜಿಯನ್ ಎಷ್ಟು ಬಾಟಲಿ ತಂದರೂ ಬೇಡವೆನ್ನುವುದಿಲ್ಲ, ಮೊದಲನೆಯದರಿಂದಲೇ ಹಣ ಎಣಿಸುತ್ತದೆ. ಡಿಸ್ನಿ ಇವೆಲ್ಲಕ್ಕಿಂತ ಉದಾರಿ: 21 ದಾಟಿದ ಪ್ರತಿಯೊಬ್ಬರೂ ಎರಡು ವೈನ್ ಅಥವಾ ಆರು ಬಿಯರ್ ತರಬಹುದು, ಅದೂ ಹತ್ತುವ ದಿನ ಮಾತ್ರವಲ್ಲ, ನಡುವಿನ ಪ್ರತಿ ಬಂದರಿನಲ್ಲೂ. ವೈಕಿಂಗ್‌ನಂಥ ದುಬಾರಿ ಟಿಕೆಟ್ಟಿನ, ಮಕ್ಕಳಿಗೆ ಪ್ರವೇಶವಿಲ್ಲದ ಹಡಗುಗಳು ಈ ವಿಷಯದಲ್ಲಿ ತಲೆಯನ್ನೇ ಕೆಡಿಸಿಕೊಳ್ಳುವುದಿಲ್ಲ. ಟಿಕೆಟ್ಟಿನಲ್ಲೇ ಎಲ್ಲ ವಸೂಲಾದ ಮೇಲೆ ಬಾಟಲಿಯ ಬಾಯಿಗೆ ಕಾವಲು ಯಾಕೆ? ಈ ನಿಯಮಗಳು ಒಂದು ಋತುವಿನಿಂದ ಇನ್ನೊಂದಕ್ಕೆ ಬದಲಾಗುವುದುಂಟು. ಹಾಗಾಗಿ ಟಿಕೆಟ್ಟಿನ ಜೊತೆ ಬರುವ ಒಪ್ಪಂದದಲ್ಲಿ ಮದ್ಯದ ಕಲಮನ್ನು ಹೊರಡುವ ವಾರ ಇನ್ನೊಮ್ಮೆ ಓದಿ.

ಓದುವಾಗ ಎರಡು ಪದಗಳ ಮೇಲೆ ಕಣ್ಣಿಡಿ. ಒಂದು, ಲೆಕ್ಕ ತಲೆಗೋ ಕ್ಯಾಬಿನ್‌ಗೋ ಎನ್ನುವುದು. ಗಂಡ, ಹೆಂಡತಿ, ಇಬ್ಬರು ಮಕ್ಕಳಿರುವ ಕ್ಯಾಬಿನ್‌ಗೆ ತಲೆಲೆಕ್ಕದಲ್ಲಿ ಸಿಗುವುದು ಎರಡೇ ಬಾಟಲಿ, ನಾಲ್ಕಲ್ಲ. ಇನ್ನೊಂದು, ವಯಸ್ಸು. ಉತ್ತರ ಅಮೆರಿಕದಿಂದ ಹೊರಡುವ ಹಡಗುಗಳಲ್ಲಿ ಅದು 21. ಅದೇ ಕಂಪನಿಯ ಯುರೋಪಿನ ಯಾನದಲ್ಲಿ 18 ಆಗಿರಬಹುದು.

ಆ ಸಾಮಾನ್ಯ ಅಚ್ಚಿನಲ್ಲಿ 750 ಮಿ.ಲೀ. ಎಂದರೆ 750 ಮಿ.ಲೀ.ಯೇ. ಒಂದೂವರೆ ಲೀಟರಿನ ಮ್ಯಾಗ್ನಮ್ ಬಾಟಲಿ ‘ಒಂದೇ ಬಾಟಲಿಯಲ್ಲವೇ’ ಎನ್ನುವ ವಾದಕ್ಕೆ ಉಳಿಯುವುದಿಲ್ಲ. ರಟ್ಟಿನ ಪೆಟ್ಟಿಗೆಯ ವೈನ್‌ಗೂ ಬಹುತೇಕ ಕಡೆ ಬಾಗಿಲು ಮುಚ್ಚಿದೆ. ಮೂರು ಲೀಟರಿನ ಒಂದು ಪೆಟ್ಟಿಗೆ ನಾಲ್ಕು ಬಾಟಲಿಗೆ ಸಮ, ಜೊತೆಗೆ ಒಳಗಿನ ಚೀಲದಲ್ಲಿರುವುದು ವೈನೇ ಎನ್ನುವುದಕ್ಕೆ ಹೊರಗಿನಿಂದ ಗುರುತು ಸಿಗುವುದಿಲ್ಲ.

ವೈನ್‌ಗೆ ಸಲಾಮು, ವಿಸ್ಕಿಗೆ ತಡೆ. ಇದು ಯಾಕೆ ಎಂದು ಕೇಳುವವರು ಬಹಳ. ಲೆಕ್ಕ ಹಾಕಿದರೆ ತಿಳಿಯುತ್ತದೆ. ಶೇ 12.5ರ ವೈನ್ ಬಾಟಲಿಯಲ್ಲಿ ಸುಮಾರು 94 ಮಿ.ಲೀ. ಶುದ್ಧ ಆಲ್ಕೋಹಾಲ್ ಇರುತ್ತದೆ. ಶೇ 40ರ ವಿಸ್ಕಿ, ರಮ್ಮಿನ ಅದೇ ಅಳತೆಯ ಬಾಟಲಿಯಲ್ಲಿ 300 ಮಿ.ಲೀ. ವೈನ್ ಐದು ಲೋಟಕ್ಕೆ ಮುಗಿಯುತ್ತದೆ. ವಿಸ್ಕಿ, 45 ಮಿ.ಲೀ.ನಂತೆ ಹಾಕಿದರೂ, ಹದಿನಾರು ಪೆಗ್ ದಾಟುತ್ತದೆ. ಬಾರಿನ ಕಣ್ಣಿನಲ್ಲಿ ಅವು ಹದಿನಾರು ಬಿಲ್ಲುಗಳು, ಪ್ರತಿಯೊಂದರ ಮೇಲೂ ಶೇ 18ರಿಂದ 20ರ ಸೇವಾಶುಲ್ಕ ಬೇರೆ. ಟಿಕೆಟ್ ದರವನ್ನು ತಗ್ಗಿಸಿ ಬಾರು, ಕ್ಯಾಸಿನೊ, ದಡದ ಪ್ರವಾಸಗಳಲ್ಲಿ ಅದನ್ನು ತುಂಬಿಕೊಳ್ಳುವುದೇ ಈ ವ್ಯವಹಾರದ ನಡೆ. ಕಂಪನಿಗಳು ಬರೆಯುವ ಕಾರಣ ಸುರಕ್ಷತೆ, ಮತ್ತು ಅದು ಸುಳ್ಳೂ ಅಲ್ಲ. ಬಾರಿನಲ್ಲಿ ಕುಡಿದದ್ದು ನಿಮ್ಮ ಕಾರ್ಡಿನಲ್ಲಿ ದಾಖಲಾಗುತ್ತದೆ, ಅತಿಯಾದರೆ ಬಾರ್‌ನವರು ನಿಲ್ಲಿಸುತ್ತಾರೆ. ಕಾರ್ನಿವಲ್‌ನ ಪಾನೀಯ ಪ್ಯಾಕೇಜಿಗೂ 24 ಗಂಟೆಗೆ 15 ಮದ್ಯದ ಲೋಟಗಳ ಮಿತಿ ಇದೆ. ಬಾಲ್ಕನಿಯ ಕುರ್ಚಿಯಲ್ಲಿ ಕೂತು ಸ್ವಂತ ಬಾಟಲಿ ಖಾಲಿ ಮಾಡುವವರನ್ನು ನಿಲ್ಲಿಸುವವರಿಲ್ಲ, ಬಾಲ್ಕನಿಯ ಆಚೆ ಇರುವುದು ಸಮುದ್ರ. ಆದರೂ ಎರಡು ಕಾರಣಗಳಲ್ಲಿ ಮೊದಲನೆಯದೇ ತೂಕದ್ದು.

ಕಾರ್ಕೇಜ್ ಎಂದರೆ ನಿಮ್ಮ ಬಾಟಲಿಯನ್ನು ಅವರ ಮೇಜಿನಲ್ಲಿ ತೆರೆದು, ಅವರ ಲೋಟಕ್ಕೆ ಸುರಿಯುವುದಕ್ಕೆ ಕೊಡುವ ಹಣ. ಕಾರ್ನಿವಲ್‌ನ ಊಟದ ಕೋಣೆಯಲ್ಲಿ ಈಚಿನ ವರ್ಷಗಳಲ್ಲಿ ಇದು ಬಾಟಲಿಗೆ 15 ಡಾಲರ್. ಕ್ಯಾಬಿನ್‌ನಲ್ಲೇ ತೆರೆದು ಕುಡಿದರೆ ಶುಲ್ಕವಿಲ್ಲ. ನಾರ್ವೇಜಿಯನ್ ಮಾತ್ರ ಮೊದಲ ಬಾಟಲಿಗೂ ಎಲ್ಲಿ ಕುಡಿಯುತ್ತೀರಿ ಎಂದು ಕೇಳದೆ ಹತ್ತುವಾಗಲೇ ವಸೂಲು ಮಾಡುತ್ತದೆ: 750 ಮಿ.ಲೀ.ಗೆ 15, ಮ್ಯಾಗ್ನಮ್‌ಗೆ 30 ಡಾಲರ್. ಬಿರಡೆ ಬದಲು ತಿರುಪು ಮುಚ್ಚಳ ಇದ್ದರೂ ರಿಯಾಯಿತಿ ಇಲ್ಲ, ಹೆಸರು ಮಾತ್ರ ಕಾರ್ಕಿನದು.

ಈ 15 ಡಾಲರನ್ನು ಐದು ಲೋಟಕ್ಕೆ ಹಂಚಿದರೆ ಲೋಟಕ್ಕೆ 3 ಡಾಲರ್ ಬೀಳುತ್ತದೆ. 8 ಡಾಲರಿನ ವೈನ್‌ಗೆ 15 ಡಾಲರ್ ತೆತ್ತರೆ ಮೂಗಿಗಿಂತ ಮೂಗುತಿ ಭಾರ. ಒಟ್ಟು 23 ಡಾಲರ್ ಆಗುತ್ತದೆ, ಲೋಟಕ್ಕೆ 4.60. ಬಾರಿನ ಲೋಟಕ್ಕೆ ಹೋಲಿಸಿದರೆ ಆಗಲೂ ಅಗ್ಗವೇ, ಆದರೆ ಕುಡಿಯುತ್ತಿರುವುದು 8 ಡಾಲರಿನ ವೈನ್. ಅದೇ 40 ಡಾಲರಿನ ಒಳ್ಳೆಯ ಬಾಟಲಿಯಾದರೆ 55ಕ್ಕೆ ನಿಲ್ಲುತ್ತದೆ. ಹಡಗಿನ ವೈನ್ ಪಟ್ಟಿಯಲ್ಲಿ ಆ ದರ್ಜೆಯದು ಆ ಬೆಲೆಗೆ ಸಿಗುವುದು ಅಪರೂಪ. ಅಗ್ಗದ್ದನ್ನು ಕ್ಯಾಬಿನ್‌ನಲ್ಲಿ ಕುಡಿಯಿರಿ, ಒಳ್ಳೆಯದನ್ನು ಮೇಜಿಗೆ ಒಯ್ಯಿರಿ. ಮೇಜಿನಲ್ಲಿ ಅರ್ಧ ಉಳಿದರೆ ಬಡಿಸುವವರಿಗೆ ಹೇಳಿ. ಕ್ಯಾಬಿನ್ ಸಂಖ್ಯೆ ಬರೆದು ತೆಗೆದಿಟ್ಟು ಮರುದಿನ ತಂದುಕೊಡುವ ರೂಢಿ ಅನೇಕ ಹಡಗುಗಳಲ್ಲಿದೆ.

ಇನ್ನು ಕಳ್ಳದಾರಿಗಳ ಮಾತು. ನೀವು ಚಾಪೆ ಕೆಳಗೆ ತೂರಿದರೆ ಹಡಗಿನವರು ರಂಗೋಲಿ ಕೆಳಗೆ ತೂರಿ ವರ್ಷಗಳಾದವು. ಮಡಚುವ ಪ್ಲಾಸ್ಟಿಕ್ ಚೀಲ, ಶಾಂಪೂ ಬಾಟಲಿ, ಬಣ್ಣ ಬೆರೆಸಿದ ಮೌತ್‌ವಾಶ್, ಮತ್ತೆ ಸೀಲು ಹಾಕಿದ ನೀರಿನ ಬಾಟಲಿ, ಎಲ್ಲವನ್ನೂ ತಪಾಸಣೆಯವರು ನೋಡಿಯಾಗಿದೆ. ಲಗೇಜಿನ ಎಕ್ಸ್‌ರೇ ಪರದೆಯಲ್ಲಿ ಲೋಹ ನೀಲಿಯಾಗಿ, ನೀರು, ಮದ್ಯ, ಆಹಾರದಂಥ ವಸ್ತುಗಳು ಕಿತ್ತಳೆ ಬಣ್ಣದಲ್ಲಿ ಕಾಣುತ್ತವೆ. ಚೀಲದಲ್ಲಿ ಲೋಹವಿಲ್ಲದಿದ್ದರೆ ಕಾಣುವುದಿಲ್ಲ ಎನ್ನುವ ನಂಬಿಕೆ ಅಲ್ಲಿಗೇ ಮುಗಿಯಿತು: ಬಟ್ಟೆಗಳ ನಡುವೆ ಒಂದು ಲೀಟರ್ ದ್ರವ ದಟ್ಟ ಕಿತ್ತಳೆ ಮುದ್ದೆಯಾಗಿ ಎದ್ದು ಕಾಣುತ್ತದೆ. ಅದು ಮದ್ಯವೋ ಶಾಂಪೂವೋ ಎಂದು ಯಂತ್ರ ಹೇಳಬೇಕಿಲ್ಲ, ಮುಚ್ಚಳ ತೆರೆದರೆ ಮೂಗು ಹೇಳುತ್ತದೆ. ನೀರಿನ ಬಾಟಲಿಯ ಆಟ ಎಷ್ಟು ಹಬ್ಬಿತೆಂದರೆ 2015ರಲ್ಲಿ ಕಾರ್ನಿವಲ್ ಮತ್ತು ನಾರ್ವೇಜಿಯನ್ ಬಾಟಲಿ ನೀರು ತರುವುದನ್ನೇ ನಿಲ್ಲಿಸಿದವು. ಈಗ ಕಾರ್ನಿವಲ್‌ಗೆ ಸೋಡಾ, ನೀರು, ಜ್ಯೂಸ್ ತರಬೇಕಾದರೆ ಕ್ಯಾನ್ ಅಥವಾ ರಟ್ಟಿನ ಡಬ್ಬಿಯಲ್ಲೇ ತರಬೇಕು, ಒಂದೊಂದು 355 ಮಿ.ಲೀ. ಮೀರದಂತೆ, ತಲೆಗೆ ಹನ್ನೆರಡು. ಕೆಲವರ ಜಾಣತನಕ್ಕೆ ಎಲ್ಲರೂ ದಂಡ ತೆತ್ತ ಕಥೆ ಇದು.

ಸಿಕ್ಕಿಬಿದ್ದರೆ ಏನಾಗುತ್ತದೆ? ಸೀಲಿರುವ ಬಾಟಲಿಯನ್ನು ಕೆಲವು ಕಂಪನಿಗಳು ಚೀಟಿ ಕೊಟ್ಟು ಇಟ್ಟುಕೊಂಡು ಕೊನೆಯಲ್ಲಿ ಮರಳಿಸುತ್ತವೆ, ಕೆಲವು ಅಲ್ಲೇ ಸುರಿಯುತ್ತವೆ. ಬೇರೆ ಡಬ್ಬಿಗೆ ತುಂಬಿಸಿದ್ದು ಮರಳಿ ಬರುವ ಆಸೆ ಬಿಡಿ. ಒಪ್ಪಂದದ ಪ್ರಕಾರ ಹಡಗಿನಿಂದ ಇಳಿಸುವ ಹಕ್ಕೂ ಅವರಿಗಿರುತ್ತದೆ.

ಡಿಸ್ನಿ, ವೈಕಿಂಗ್‌ನಂಥವನ್ನು ಬಿಟ್ಟರೆ, ನಡುವಿನ ಬಂದರುಗಳಲ್ಲಿ ಕೊಂಡ ಬಾಟಲಿಯ ದಾರಿ ಬೇರೆ. ಹಡಗಿಗೆ ಹತ್ತುವ ಸೇತುವೆಯ (ಗ್ಯಾಂಗ್‌ವೇ) ತಪಾಸಣೆಯಲ್ಲಿ ಅದನ್ನು ತೆಗೆದುಕೊಂಡು, ಹೆಸರು, ಕ್ಯಾಬಿನ್ ಸಂಖ್ಯೆ ಬರೆದು, ಚೀಟಿ ಕೊಡುತ್ತಾರೆ. ಹಡಗಿನದೇ ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡರೂ ಬಹುತೇಕ ಕಡೆ ಇದೇ ಗತಿ. ಬಾಟಲಿ ಕೈಗೆ ಬರುವುದು ಕೊನೆಯ ಸಂಜೆ ಅಥವಾ ಇಳಿಯುವ ಬೆಳಿಗ್ಗೆ. ಚೀಟಿಯನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಬಾಟಲಿ ಬದಲಾಗುವುದು, ಕಾಣೆಯಾಗುವುದು ನಡೆಯುತ್ತದೆ, ಆಗ ನಿಮ್ಮ ಬಳಿ ಇರುವ ಪುರಾವೆ ಅದೊಂದೇ.

ಅತಿ ಹೆಚ್ಚು ಬಾಟಲಿಗಳು ಕೈತಪ್ಪುವುದು ಇದಾದ ಮೇಲೆ. ಕೊನೆಯ ರಾತ್ರಿ ದೊಡ್ಡ ಸೂಟ್‌ಕೇಸನ್ನು ಕ್ಯಾಬಿನ್ ಹೊರಗೆ ಇಡಬೇಕು, ಅದು ಮರುದಿನ ಟರ್ಮಿನಲ್‌ನಲ್ಲೇ ಸಿಗುವುದು. ಬಾಟಲಿ ಬರುವ ಹೊತ್ತಿಗೆ ಪೆಟ್ಟಿಗೆ ಹೋಗಿಯಾಗಿರುತ್ತದೆ, ಹಾಗಾಗಿ ಅದು ಕೈಚೀಲ ಸೇರುತ್ತದೆ. ನೇರ ವಿಮಾನ ನಿಲ್ದಾಣಕ್ಕೆ ಹೋದವರನ್ನು ಬಹುತೇಕ ಕಡೆ 100 ಮಿ.ಲೀ. ದ್ರವದ ನಿಯಮ ಹಿಡಿಯುತ್ತದೆ. ಹಡಗಿನ ಅಂಗಡಿಯ ಪ್ಲಾಸ್ಟಿಕ್ ಚೀಲವನ್ನು ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿಗಳ ಸೀಲು ಚೀಲವೆಂದು ನಂಬಿ ಭದ್ರತಾ ಗೇಟಿನಲ್ಲಿ ಒಂದು ಲೀಟರ್ ರಮ್ ಬಿಟ್ಟು ಬರಬೇಡಿ. ಟರ್ಮಿನಲ್‌ನಲ್ಲಿ ಸೂಟ್‌ಕೇಸು ಸಿಕ್ಕ ಕೂಡಲೇ ಪಕ್ಕಕ್ಕೆ ನಿಂತು ಬಾಟಲಿಯನ್ನು ಅದರೊಳಗೆ ಸೇರಿಸಿ. ಮೊದಲು ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಅದರ ಮೇಲೆ ದಪ್ಪ ಬಟ್ಟೆಯ ಎರಡು ಸುತ್ತು, ಪೆಟ್ಟಿಗೆಯ ಯಾವ ಗೋಡೆಗೂ ತಾಗದಂತೆ ನಡುವೆ. ವಿಮಾನದ ಸರಕು ಕೋಣೆಯಲ್ಲೂ ಒತ್ತಡ ಕಾಯ್ದಿರುವುದರಿಂದ ಬಿರಡೆ ಹಾರುತ್ತದೆಂಬ ಭಯ ಬೇಡ. ಒಡೆಯುವುದು ಪೆಟ್ಟಿನಿಂದ.

ಮನೆಯಿಂದ ಬಂದರಿಗೆ ವಿಮಾನದಲ್ಲಿ ಬರುವವರಿಗೂ ಇದೇ ಪ್ಯಾಕಿಂಗ್. ವಿಮಾನದಲ್ಲಿ ವೈನ್ ಚೆಕ್‌ಇನ್ ಪೆಟ್ಟಿಗೆಯಲ್ಲಿರಬೇಕು, ಹಡಗಿಗೆ ಹತ್ತುವಾಗ ಕೈಚೀಲದಲ್ಲಿರಬೇಕು. ಈ ಅದಲು ಬದಲನ್ನು ಪೋರ್ಟರ್ ಹತ್ತಿರ ಹೋಗುವ ಮೊದಲೇ ಮಾಡಿ. ಶೇ 24 ಮೀರಿ 70ರವರೆಗಿನ ಮದ್ಯವನ್ನು ಚೆಕ್‌ಇನ್‌ನಲ್ಲಿ ಒಬ್ಬರು 5 ಲೀಟರ್‌ವರೆಗೆ, ಅಂಗಡಿಯ ಸೀಲಿನೊಂದಿಗೆ ಒಯ್ಯಬಹುದು. ಶೇ 70 ಮೀರಿದ್ದಕ್ಕೆ ವಿಮಾನದಲ್ಲಿ ಜಾಗವೇ ಇಲ್ಲ. ಕೆರಿಬಿಯನ್ ದ್ವೀಪಗಳ ಕೆಲವು ಓವರ್‌ಪ್ರೂಫ್, ಅಂದರೆ ಅತಿ ಕಡುವಾದ, ರಮ್ಮುಗಳು ಈ ಗೆರೆ ದಾಟುತ್ತವೆ, ಕೊಳ್ಳುವ ಮುಂಚೆ ಲೇಬಲ್ ಓದಿ.

ಇಳಿಯುವಾಗ ಕಸ್ಟಮ್ಸ್ ಕಾದಿರುತ್ತದೆ. ಅಮೆರಿಕಕ್ಕೆ ಮರಳುವ 21 ದಾಟಿದವರಿಗೆ ಸುಂಕವಿಲ್ಲದ ಸಾಮಾನ್ಯ ಮಿತಿ 1 ಲೀಟರ್. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಬರುವವರಿಗೆ ಶೇ 22 ಮೀರಿದ ಮದ್ಯ 1 ಲೀಟರ್, ಜೊತೆಗೆ ಸಾಮಾನ್ಯ ವೈನ್ 4 ಲೀಟರ್, ಬಿಯರ್ 16 ಲೀಟರ್. ಬ್ರಿಟನ್ ಕೈಬಿಚ್ಚಿ ಕೊಡುತ್ತದೆ: ವೈನ್ 18 ಲೀಟರ್, ಸ್ಪಿರಿಟ್ 4 ಲೀಟರ್, ಬಿಯರ್ 42 ಲೀಟರ್. ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಇಳಿಯುವವರಿಗೆ ಇನ್ನೊಂದು ಮೇಜಿದೆ. ಅಲ್ಲಿ ರಾಜ್ಯದ ಮದ್ಯ ಇಲಾಖೆಯವರು ನಿಂತು ರಾಜ್ಯದ ತೆರಿಗೆಯನ್ನು ಬೇರೆಯಾಗಿ ಕಟ್ಟಿಸಿಕೊಳ್ಳುತ್ತಾರೆ. ಫೆಡರಲ್ ಮಿತಿಯೊಳಗಿದ್ದೇನೆ ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ.

ಬಂದರಿನ ಸಂತೆಯಲ್ಲಿ ಲೇಬಲ್ ಇಲ್ಲದ, ಮುಚ್ಚಳದ ಸೀಲು ಸಡಿಲವಾಗಿರುವ ಅಗ್ಗದ ಮದ್ಯದ ಬಗ್ಗೆ ಒಂದೇ ಮಾತು: ಮುಟ್ಟಬೇಡಿ. ಕಲಬೆರಕೆಯ ಮೆಥನಾಲ್ ಮೊದಲು ಸಾಮಾನ್ಯ ಅಮಲಿನಂತೆಯೇ ಇರುತ್ತದೆ. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಲು ಹೊತ್ತು ಹಿಡಿಯುವುದರಿಂದ ಕಣ್ಣು ಮಂಜಾಗುವುದು, ವಾಂತಿ, ಉಸಿರಾಟದ ತೊಂದರೆ ಹಲವು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ ಶುರುವಾಗುತ್ತವೆ. ಆಗ ಹಡಗು ನಡುಸಮುದ್ರದಲ್ಲಿರಬಹುದು.

ಕ್ಯಾಬಿನ್‌ಗೆ ಬಂದ ಬಾಟಲಿಯನ್ನು ಕಪಾಟಿನ ಮೇಲೆ ನಿಲ್ಲಿಸಬೇಡಿ. ಹಡಗು ತೂಗಿದ ರಾತ್ರಿ ಮೊದಲು ಬೀಳುವುದು ಅದೇ. ಟವೆಲ್ ಸುತ್ತಿ ಡ್ರಾಯರಿನಲ್ಲಿ ಮಲಗಿಸಿ. ಕ್ಯಾಬಿನ್‌ನ ಪುಟ್ಟ ಫ್ರಿಜ್ ಹೆಸರಿಗೆ ಫ್ರಿಜ್, ಹೆಚ್ಚಿನವು ತಂಪು ಕಾಯುವ ಪೆಟ್ಟಿಗೆಗಳಷ್ಟೇ, ಶಾಂಪೇನ್ ಅದರಲ್ಲಿ ಸರಿಯಾಗಿ ತಣಿಯುವುದಿಲ್ಲ. ಅದರಲ್ಲಿ ಮೊದಲೇ ಜೋಡಿಸಿಟ್ಟ ಮಾರಾಟದ ಡಬ್ಬಿಗಳಿದ್ದರೆ ಅವನ್ನು ಸರಿಸುವ ಮುಂಚೆ ಕ್ಯಾಬಿನ್ ಸಿಬ್ಬಂದಿಗೆ ಹೇಳಿ ತೆಗೆಸಿ. ಎತ್ತಿದ ಕೂಡಲೇ ಬಿಲ್ಲಿಗೆ ಸೇರುವ ಸೆನ್ಸರ್ ವ್ಯವಸ್ಥೆ ಕೆಲವು ಕಡೆ ಇದೆ. ವೈನ್ ತಣಿಸಲು ಬಕೆಟ್ಟಿನಲ್ಲಿ ಅರ್ಧ ಐಸು, ಅರ್ಧ ನೀರು ತುಂಬಿ, ಒಂದು ಹಿಡಿ ಉಪ್ಪು ಹಾಕಿ, ಕುತ್ತಿಗೆಯವರೆಗೆ ಮುಳುಗಿಸಿ. ಬರೀ ಐಸಿನ ತುಂಡುಗಳ ನಡುವೆ ಗಾಳಿ ಉಳಿಯುತ್ತದೆ, ನೀರು ಗಾಜಿಗೆ ಪೂರ್ತಿ ಅಂಟುತ್ತದೆ, ಉಪ್ಪು ಆ ನೀರನ್ನು ಸೊನ್ನೆ ಡಿಗ್ರಿಗಿಂತ ಕೆಳಕ್ಕೆ ಇಳಿಸುತ್ತದೆ. ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೆ ಕುಡಿಯುವ ಹದಕ್ಕೆ ಬರುತ್ತದೆ. ಬಿರಡೆ ತೆಗೆಯುವ ತಿರುಪುಳಿಯನ್ನು ಮನೆಯಿಂದ ತರುವುದಾದರೆ ಬ್ಲೇಡಿಲ್ಲದ್ದನ್ನು ತನ್ನಿ, ತಪಾಸಣೆಯಲ್ಲಿ ಮಾತಿಗೆ ಆಸ್ಪದ ಇರುವುದಿಲ್ಲ. ಮರೆತಿದ್ದರೆ ಕ್ಯಾಬಿನ್ ಸಿಬ್ಬಂದಿಯನ್ನು ಕೇಳಿ, ಲೋಟಗಳನ್ನೂ ಅವರೇ ತಂದುಕೊಡುತ್ತಾರೆ.

ತೆರೆದ ಬಾಟಲಿಯನ್ನು ಇಳಿಯುವ ದಿನದವರೆಗೆ ಉಳಿಸಿಕೊಳ್ಳಬೇಡಿ. ಒತ್ತಿ ಕೂರಿಸಿದ ಬಿರಡೆ ಸೂಟ್‌ಕೇಸಿನೊಳಗೆ ಸೋರುತ್ತದೆ, ಶೇ 24 ಮೀರಿದ ಮದ್ಯವಾದರೆ ವಿಮಾನದವರಿಗೆ ಬೇಕಾದ ಅಂಗಡಿಯ ಸೀಲೂ ಹೋಗಿರುತ್ತದೆ. ಕೊನೆಯ ಊಟದೊಂದಿಗೆ ಮುಗಿಸಿ, ಆಗದಿದ್ದರೆ ಬಚ್ಚಲ ಸಿಂಕಿಗೆ ಸುರಿದು ಖಾಲಿ ಬಾಟಲಿಯನ್ನು ಕ್ಯಾಬಿನ್‌ನ ಕಸದ ಬುಟ್ಟಿಯ ಪಕ್ಕದಲ್ಲಿಡಿ. ಬಾಲ್ಕನಿಯಿಂದ ಸಮುದ್ರಕ್ಕೆ ಎಸೆದರೆ ದಂಡ ಬೀಳುತ್ತದೆ.