ಪದ ಪರಿಚಯ: ವಿಡಿಯೊ ಸ್ಪೀಡ್ ಕ್ಲಾಸ್

ವೃತ್ತಿಪರ ಕ್ಯಾಮೆರಾಕ್ಕೆಂದು ಕೊಳ್ಳುವ ಎಸ್‌ಡಿ ಕಾರ್ಡಿನ ಮೇಲೆ ‘300 ಎಂಬಿ/ಸೆ’ ಎಂಬಂಥ ಸಂಖ್ಯೆಯೊಂದು ದಪ್ಪಕ್ಷರದಲ್ಲಿ ಎದ್ದು ಕಾಣುತ್ತದೆ. ಅದೇ ಕಾರ್ಡಿನಲ್ಲಿ ವಿ30, ವಿ60 ಅಥವಾ ವಿ90 ಎಂಬ ಚಿಕ್ಕ ಗುರುತೂ ಇರುತ್ತದೆ. ವಿಡಿಯೊ ಚಿತ್ರೀಕರಿಸುವವರು ಮೊದಲು ಹುಡುಕಬೇಕಾದದ್ದು ಈ ಚಿಕ್ಕ ಗುರುತನ್ನು. ದಪ್ಪಕ್ಷರದ ಸಂಖ್ಯೆ ಸಾಮಾನ್ಯವಾಗಿ ಕಾರ್ಡಿನಿಂದ ಓದುವಾಗ ಸಿಗಬಹುದಾದ ಗರಿಷ್ಠ ವೇಗ. ಕೆಲಸ ಮುಗಿಸಿ ಬಂದು ಫೂಟೇಜನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ಅದರ ಉಪಯೋಗ. ಕ್ಯಾಮೆರಾ ಬರೆಯುತ್ತಿರುವಾಗ ಕಾರ್ಡಿನ ವೇಗ ಎಷ್ಟಕ್ಕಿಂತ ಕೆಳಗೆ ಇಳಿಯಬಾರದು ಎಂಬುದನ್ನು ತಿಳಿಸುವುದೇ ವಿಡಿಯೊ ಸ್ಪೀಡ್ ಕ್ಲಾಸ್.

ಎಸ್‌ಡಿ ಕಾರ್ಡುಗಳ ಮಾನದಂಡ ರೂಪಿಸುವ ಎಸ್‌ಡಿ ಅಸೋಸಿಯೇಷನ್ 2016ರಲ್ಲಿ ಈ ದರ್ಜೆಗಳನ್ನು ಪ್ರಕಟಿಸಿತು. ವಿ6, ವಿ10, ವಿ30, ವಿ60, ವಿ90 ಎಂಬ ಐದರಲ್ಲೂ ‘ವಿ’ಯ ಮುಂದಿನ ಅಂಕಿಯೇ ಸೆಕೆಂಡಿಗೆ ಇಷ್ಟು ಮೆಗಾಬೈಟ್ ಎಂಬ ಕನಿಷ್ಠ ಬರೆಯುವ ವೇಗ. ಹಳೆಯ ‘ಕ್ಲಾಸ್ 10’ ಗುರುತಿನ ಅರ್ಥ ಸೆಕೆಂಡಿಗೆ ಕನಿಷ್ಠ 10 ಮೆಗಾಬೈಟ್. ಇನ್ನೊಂದು ಹಳೆಯ ಗುರುತಾದ ‘ಯು3’ ಮತ್ತು ವಿ30 ಎರಡೂ ಹೇಳುವುದು 30 ಮೆಗಾಬೈಟನ್ನೇ.

ಗರಿಷ್ಠಕ್ಕಿಂತ ಕನಿಷ್ಠಕ್ಕೆ ಇಷ್ಟು ಬೆಲೆ ಏಕೆಂದರೆ, ವಿಡಿಯೊ ಎಂಬುದು ನಡುವೆ ಬಿಡುವಿಲ್ಲದೆ ಹರಿದುಬರುವ ದತ್ತಾಂಶ. ಕಾರ್ಡು ಅರೆಗಳಿಗೆ ತಡವರಿಸಿದರೆ ಕ್ಯಾಮೆರಾದೊಳಗಿನ ಬಫರ್ (ತಾತ್ಕಾಲಿಕ ಮೆಮೊರಿ) ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಅದೂ ತುಂಬಿದರೆ ರೆಕಾರ್ಡಿಂಗ್ ನಿಂತೇ ಹೋಗುತ್ತದೆ. ಒಂದು ಮದುವೆಯಲ್ಲಿ, ಗಟ್ಟಿಮೇಳ ಶುರುವಾಗಿ ಅಕ್ಷತೆ ಬೀಳುತ್ತಿದ್ದಾಗಲೇ ನನ್ನ ಕ್ಯಾಮೆರಾ ಪರದೆಯ ಕೆಂಪು ಚುಕ್ಕೆ ಆರಿ, ಕಾರ್ಡಿನ ವೇಗ ಸಾಲದು ಎಂಬ ಸೂಚನೆ ಮೂಡಿತ್ತು. ಆ ಕಾರ್ಡಿನ ಮೇಲೆ ದೊಡ್ಡ ಸಂಖ್ಯೆಯೇನೋ ಇತ್ತು, ವಿ ಗುರುತು ಇರಲಿಲ್ಲ. ಮಾಂಗಲ್ಯಧಾರಣೆಯನ್ನು ಇನ್ನೊಮ್ಮೆ ಮಾಡಿ ಎಂದು ಯಾರನ್ನು ಕೇಳುವುದು?

ವೇಗ ಕುಸಿಯುವುದಕ್ಕೆ ಫ್ಲ್ಯಾಶ್ ಮೆಮೊರಿಯ ಸ್ವಭಾವದಲ್ಲೇ ಕಾರಣಗಳಿವೆ. ಅನೇಕ ಕಾರ್ಡುಗಳು ಮೊದಲಿಗೆ ತಮ್ಮೊಳಗಿನ ವೇಗದ ಭಾಗವೊಂದರಲ್ಲಿ ಬರೆದುಕೊಂಡು, ಅದು ತುಂಬಿದೊಡನೆ ನಿಧಾನವಾಗುತ್ತವೆ. ಅಲ್ಲದೆ ಬರೆದ ಜಾಗದ ಮೇಲೆ ನೇರವಾಗಿ ಮತ್ತೆ ಬರೆಯಲು ಬಾರದು; ಇಡೀ ಬ್ಲಾಕನ್ನು ಅಳಿಸಿದ ಮೇಲಷ್ಟೇ ಅದು ಮರುಬಳಕೆಗೆ ಸಿಗುತ್ತದೆ. ಆದ್ದರಿಂದ ಅಲ್ಲೊಂದು ಇಲ್ಲೊಂದು ಕ್ಲಿಪ್ ಅಳಿಸಿ ಜಾಗ ಮಾಡಿಕೊಂಡ ಕಾರ್ಡು, ಬರೆಯುತ್ತಿರುವಾಗಲೇ ಒಳಗೆ ಹಳೆಯದನ್ನು ಎತ್ತಿಡುವ ಕೆಲಸವನ್ನೂ ಮಾಡಬೇಕಾಗುತ್ತದೆ. ಪ್ರತಿ ಚಿತ್ರೀಕರಣಕ್ಕೆ ಮೊದಲು, ಹಳೆಯ ಫೂಟೇಜ್ ಎರಡು ಕಡೆ ಭದ್ರವಾಗಿದೆ ಎಂದು ಖಚಿತಪಡಿಸಿಕೊಂಡು, ಬಳಸುವ ಕ್ಯಾಮೆರಾದಲ್ಲೇ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕು ಎನ್ನುವುದು ಇದಕ್ಕಾಗಿಯೇ.

ಯಾವ ದರ್ಜೆ ಬೇಕೆಂಬುದನ್ನು ಕ್ಯಾಮೆರಾದ ಮೆನುವಿನಲ್ಲಿರುವ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ದಾಖಲಾಗುವ ದತ್ತಾಂಶದ ಪ್ರಮಾಣ, ತೀರ್ಮಾನಿಸುತ್ತದೆ. ಅದು ಮೆಗಾಬಿಟ್ ಲೆಕ್ಕ, ಕಾರ್ಡಿನದು ಮೆಗಾಬೈಟ್ ಲೆಕ್ಕ. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಎಂಟರಿಂದ ಭಾಗಿಸಬೇಕು. ಸೆಕೆಂಡಿಗೆ 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್, ವಿ30 ಧಾರಾಳವಾಗಿ ಸಾಕು. 400 ಮೆಗಾಬಿಟ್ ಎಂದರೆ 50 ಮೆಗಾಬೈಟ್. ಅಲ್ಲಿ ವಿ60 ಬೇಕು. 600 ಮೆಗಾಬಿಟ್ ಎಂದರೆ 75 ಮೆಗಾಬೈಟ್, ಅದಕ್ಕೆ ವಿ90. ಸಾಮರ್ಥ್ಯದ ಲೆಕ್ಕವೂ ಇದರಲ್ಲೇ ಸಿಗುತ್ತದೆ: 400 ಮೆಗಾಬಿಟ್‌ನಲ್ಲಿ 64 ಜಿಬಿ ಕಾರ್ಡು ಸುಮಾರು 21 ನಿಮಿಷಕ್ಕೆ ತುಂಬಿಬಿಡುತ್ತದೆ.

ವಿ90 ಎಂದು ಹೇಳಿ ಮಾರುವ ಕಾರ್ಡನ್ನು ಕೈಗೆತ್ತಿಕೊಂಡಾಗ ಹಿಂಬದಿಗೆ ತಿರುಗಿಸಿ ನೋಡಬೇಕು. ಅಂಚಿನ ಚಿನ್ನದ ಬಣ್ಣದ ಸಂಪರ್ಕಗಳ ಕೆಳಗೆ ಇನ್ನೊಂದು ಸಾಲು ಇದ್ದರೆ ಅದು ಯುಎಚ್‌ಎಸ್-2 ಎಂಬ ಹೆಚ್ಚು ವೇಗದ ಸಂಪರ್ಕವಿರುವ ಕಾರ್ಡು. ಆ ಸಾಲಿಗೆ ಹೊಂದುವ ಸ್ಲಾಟ್ ಕ್ಯಾಮೆರಾದಲ್ಲೂ ಇರಬೇಕು. ಇಲ್ಲವಾದರೆ ಕಾರ್ಡು ಹಳೆಯ ಒಂದೇ ಸಾಲಿನ ವೇಗದಲ್ಲಿ ಕೆಲಸ ಮಾಡುತ್ತದೆ, ಹೆಚ್ಚಿಗೆ ಕೊಟ್ಟ ಹಣ ವ್ಯರ್ಥವಾಗುತ್ತದೆ. ಸಿಎಫ್‌ಎಕ್ಸ್‌ಪ್ರೆಸ್ ಎಂಬ ಇನ್ನೊಂದು ಬಗೆಯ ವೇಗದ ಕಾರ್ಡುಗಳಲ್ಲಿ ಇದೇ ಬಗೆಯ ಭರವಸೆಗೆ ವಿಪಿಜಿ (ವಿಡಿಯೊ ಪರ್ಫಾರ್ಮೆನ್ಸ್ ಗ್ಯಾರಂಟಿ) ಎಂಬ ಹೆಸರಿದೆ. ವಿಪಿಜಿ400 ಎಂದರೆ ಸೆಕೆಂಡಿಗೆ ಕನಿಷ್ಠ 400 ಮೆಗಾಬೈಟ್.

ಗುರುತು ನಿಜವೇ ಎಂಬುದು ಬೇರೆಯದೇ ಪ್ರಶ್ನೆ, ಏಕೆಂದರೆ ನಕಲಿ ಕಾರ್ಡಿನ ಮೇಲೂ ಅದೇ ಗುರುತನ್ನು ಅಚ್ಚು ಹಾಕಬಹುದು. ಕೆಲವು ನಕಲಿಗಳು ಸಾಮರ್ಥ್ಯದಲ್ಲೂ ಸುಳ್ಳು ಹೇಳುತ್ತವೆ: ಒಳಗಿನ ನಿಯಂತ್ರಕ 128 ಜಿಬಿ ಎಂದು ತೋರಿಸಿದರೂ ಮೆಮೊರಿ ಅದರ ಕಾಲುಭಾಗವೂ ಇರುವುದಿಲ್ಲ. ಅದು ತುಂಬಿದ ಮೇಲೆ ಬರೆದದ್ದು ಕಳೆದುಹೋಗುತ್ತದೆ, ಇಲ್ಲವೇ ಮೊದಲು ಬರೆದದ್ದನ್ನು ಅಳಿಸಿ ಕೂರುತ್ತದೆ. ಫೈಲುಗಳ ಹೆಸರು ಮಾತ್ರ ಎಲ್ಲವೂ ಸರಿಯಿರುವಂತೆ ಕಾಣುತ್ತದೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಕಾರ್ಡಿನ ತುಂಬ ಗೊತ್ತಿರುವ ದತ್ತಾಂಶವನ್ನು ಬರೆದು, ಪುನಃ ಓದಿ, ಎರಡನ್ನೂ ತಾಳೆ ನೋಡುತ್ತವೆ. ಸೆಕೆಂಡಿಗೆ 80 ಮೆಗಾಬೈಟ್‌ನಂತೆ 128 ಜಿಬಿ ಬರೆಯುವುದಕ್ಕೇ ಸುಮಾರು 27 ನಿಮಿಷ ಹಿಡಿಯುತ್ತದೆ. ಕಾಯಲೇಬೇಕು, ಅರ್ಧಕ್ಕೆ ನಿಲ್ಲಿಸಿದ ಪರೀಕ್ಷೆ ಉಳಿದರ್ಧದ ಬಗ್ಗೆ ಏನನ್ನೂ ಹೇಳದು.

ಕಂಪ್ಯೂಟರಿನಲ್ಲಿ ಪಾಸಾದ ಕಾರ್ಡನ್ನು ಕ್ಯಾಮೆರಾದಲ್ಲೂ ಪರೀಕ್ಷಿಸದೆ ನಾನು ಕೆಲಸಕ್ಕೆ ಒಯ್ಯುವುದಿಲ್ಲ. ಅತಿ ಹೆಚ್ಚಿನ ಬಿಟ್‌ರೇಟ್ ಆರಿಸಿ, ಗಾಳಿಗೆ ಅಲುಗಾಡುವ ಮರದ ಎಲೆಗಳತ್ತ ಕ್ಯಾಮೆರಾ ತಿರುಗಿಸಿ, ಕಾರ್ಡು ತುಂಬುವವರೆಗೂ ಬಿಡುತ್ತೇನೆ. ಸ್ಥಿರವಾದ ಗೋಡೆಯನ್ನು ಚಿತ್ರೀಕರಿಸಿದರೆ ಕೆಲವು ಕೋಡೆಕ್‌ಗಳಲ್ಲಿ (ವಿಡಿಯೊ ಕುಗ್ಗಿಸುವ ವಿಧಾನಗಳಲ್ಲಿ) ದತ್ತಾಂಶ ಕಡಿಮೆಯಾಗಿ ಪರೀಕ್ಷೆ ಸಡಿಲವಾಗುತ್ತದೆ. ಎಲೆಗಳಲ್ಲಿ ಆ ರಿಯಾಯಿತಿ ಇಲ್ಲ. ಆಮೇಲೆ ಕೊನೆಯ ಕ್ಲಿಪ್ಪನ್ನು ಕೊನೆಯ ಫ್ರೇಮಿನವರೆಗೆ ನೋಡುತ್ತೇನೆ. ಪ್ರತಿ ಕಾರ್ಡಿಗೂ ಒಂದು ಸಂಖ್ಯೆ, ಪರೀಕ್ಷಿಸಿದ ದಿನಾಂಕಕ್ಕೆ ಒಂದು ನೋಟ್‌ಬುಕ್ ಇದೆ. ಒಮ್ಮೆ ದೋಷ ತೋರಿಸಿದ ಕಾರ್ಡಿನ ಸಂಖ್ಯೆಯನ್ನು ಅದರಲ್ಲಿ ಹೊಡೆದುಹಾಕುತ್ತೇನೆ. ಅದನ್ನು ಮತ್ತೊಬ್ಬರಿಗೆ ಎರವಲಾಗಿಯೂ ಕೊಡುವುದಿಲ್ಲ.