ಜೈಲಿಗೆ ಹೋಗಲು ಸಿದ್ಧ ಎಂದರೆ ಸಾಕಾ?

ಕಾನೂನು ಭಂಗದ, ಅಂದರೆ ಅನ್ಯಾಯ ವಿರೋಧಿಸಲು ಬೇಕೆಂದೇ ಕಾನೂನು ಮುರಿಯುವುದರ, ಪಾಠ ಶುರುವಾದ ಕೂಡಲೇ ತರಗತಿಯಲ್ಲಿ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ: "ಕಾನೂನು ಮುರೀಲಿ, ಆದರೆ ಶಿಕ್ಷೆ ಅನುಭವಿಸೋಕೂ ರೆಡಿ ಇರಬೇಕಲ್ವಾ?" ಕೇಳಲು ನ್ಯಾಯವಾಗಿಯೇ ಇದೆ. ಆದರೆ ರಾಜಕೀಯ ತತ್ವಶಾಸ್ತ್ರ ಕಲಿಸುವ ನನಗೆ ಈ ಮಾತು ಪೂರ್ತಿ ಒಪ್ಪಿಗೆಯಾಗುವುದಿಲ್ಲ.

ಈ ಯೋಚನೆಗೆ ಬಲ ಬಂದಿದ್ದು ಗಾಂಧಿಯಂಥವರಿಂದ. 1922ರ ಮಾರ್ಚ್‌ನಲ್ಲಿ ಅಹಮದಾಬಾದಿನಲ್ಲಿ ಅವರ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಅವರು ತಪ್ಪೊಪ್ಪಿಕೊಂಡರು. ಈ ಕಾನೂನು ಕೆಟ್ಟದ್ದು ಅನ್ನಿಸಿದರೆ ರಾಜೀನಾಮೆ ಕೊಡಿ, ಸರಿ ಅನ್ನಿಸಿದರೆ ಇರುವುದರಲ್ಲೇ ಕಠಿಣ ಶಿಕ್ಷೆ ಕೊಡಿ ಎಂದು ನ್ಯಾಯಾಧೀಶರಿಗೇ ಹೇಳಿದರು. ಸಿಕ್ಕಿದ್ದು 6 ವರ್ಷ. ಗಮನಿಸಿ, ಅವರು ಅಲ್ಲಿ ಯಾವ ಸಾಲವನ್ನೂ ತೀರಿಸುತ್ತಿರಲಿಲ್ಲ. ನ್ಯಾಯಾಧೀಶರನ್ನೇ ಇಕ್ಕಟ್ಟಿಗೆ ಸಿಕ್ಕಿಸುತ್ತಿದ್ದರು. ಶಿಕ್ಷೆ ಒಪ್ಪಿಕೊಳ್ಳುವುದು ಅವರ ವಾದದ ಒಂದು ಭಾಗ. ಅದನ್ನು ಎಲ್ಲರೂ ಕಟ್ಟಲೇಬೇಕಾದ ಸುಂಕ ಮಾಡಿದ್ದು ಆಮೇಲಿನವರು.

ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ ಕೂಡ 1971ರ ತಮ್ಮ ಪುಸ್ತಕದಲ್ಲಿ, ಕಾನೂನು ಭಂಗ ಬಹಿರಂಗವಾಗಿರಬೇಕು, ಅಹಿಂಸೆಯಿಂದ ಕೂಡಿರಬೇಕು, ಪರಿಣಾಮ ಎದುರಿಸಲು ಸಿದ್ಧವಿರಬೇಕು ಎನ್ನುತ್ತಾರೆ. ಆದರೆ ಅದಕ್ಕೊಂದು ಷರತ್ತು ಉಂಟು. ಇದೆಲ್ಲ ಹೆಚ್ಚುಕಮ್ಮಿ ನ್ಯಾಯವಾಗಿಯೇ ನಡೆಯುತ್ತಿರುವ ಸಮಾಜಕ್ಕೆ ಹೇಳಿದ ಮಾತು. ಈ ಷರತ್ತನ್ನು ಜನ ಸುಮ್ನೆ ಬಿಟ್ಟುಬಿಡುತ್ತಾರೆ.

ಬಿಟ್ಟರೆ ಏನಾಗುತ್ತದೆ ಅಂತ ನೋಡಲು ಬರ್ಮಿಂಗ್‌ಹ್ಯಾಮ್‌ಗೆ ಹೋಗಬೇಕು. ಅಮೆರಿಕದ ಅಲಬಾಮಾದ ಈ ನಗರದಲ್ಲಿ ಮೆರವಣಿಗೆಗೆ ಪರವಾನಗಿ ಬೇಕಿತ್ತು. ನಿಯಮದಲ್ಲಿ ಮೇಲ್ನೋಟಕ್ಕೆ ತಪ್ಪೇನಿಲ್ಲ. ಆದರೆ ಕಪ್ಪು ಜನರ ಹೋರಾಟಕ್ಕೆ ಆ ಪರವಾನಗಿ ಸಿಗುತ್ತಲೇ ಇರಲಿಲ್ಲ. 1963ರ ಏಪ್ರಿಲ್ 10ರಂದು ಕೋರ್ಟ್ ಮೆರವಣಿಗೆಗೆ ತಡೆಯಾಜ್ಞೆ ಕೊಟ್ಟಿತು. ಎರಡೇ ದಿನಕ್ಕೆ, ಗುಡ್ ಫ್ರೈಡೇ ದಿನ, ಮಾರ್ಟಿನ್ ಲೂಥರ್ ಕಿಂಗ್ ಅದನ್ನು ಮುರಿದು ನಡೆದರು. ಜೈಲಿಗೂ ಹೋದರು. ಕೇಸು ಸುಪ್ರೀಂ ಕೋರ್ಟಿಗೆ ಬಂದಾಗ, 1967ರಲ್ಲಿ, ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ತಡೆಯಾಜ್ಞೆ ತಪ್ಪಿದ್ದರೂ ಮೊದಲು ಅದನ್ನು ಕೋರ್ಟಿನಲ್ಲೇ ಪ್ರಶ್ನಿಸಬೇಕಿತ್ತು ಎಂದು ಶಿಕ್ಷೆ ಖಾಯಂ ಆಯಿತು. 1969ರಲ್ಲಿ ಅದೇ ಕೋರ್ಟ್, ಅದೇ ಮೆರವಣಿಗೆಯ ಇನ್ನೊಂದು ಕೇಸಿನಲ್ಲಿ, ಆ ಪರವಾನಗಿ ನಿಯಮವೇ ಸಂವಿಧಾನಕ್ಕೆ ವಿರುದ್ಧ ಎಂದಿತು. ಜೈಲುವಾಸ ಅಷ್ಟರಲ್ಲಿ ಮುಗಿದಿತ್ತು! ಇಂಥ ಕಡೆ "ಶಿಕ್ಷೆ ಒಪ್ಪಿಕೊಳ್ಳಿ" ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ಕಿಂಗ್ ತಾವಾಗಿ ಒಪ್ಪಿಕೊಂಡರು, ಅದು ಅವರ ದೊಡ್ಡತನ. ಒಪ್ಪಿಕೊಳ್ಳಿ ಎಂದು ಒತ್ತಾಯಿಸುವ ಹಕ್ಕು ಆ ನಗರಕ್ಕೆ ಎಲ್ಲಿಂದ ಬರಬೇಕು?

ಇದರ ಪಕ್ಕದಲ್ಲೇ ಇನ್ನೊಂದು ತಡೆಯಾಜ್ಞೆ ಇಟ್ಟು ನೋಡಿ. ಮಹಾರಾಷ್ಟ್ರದ ಮಹಾಡ ಪಟ್ಟಣದ ಚವದಾರ್ ಕೆರೆಯನ್ನು ಅಸ್ಪೃಶ್ಯರಿಗೆ ತೆರೆದು ಪುರಸಭೆ 1924ರಲ್ಲೇ ನಿರ್ಣಯ ಮಾಡಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಸಂಗಡಿಗರು ಹೋಗಿ ನೀರು ಕುಡಿದರು. ಇದನ್ನು ಕಾನೂನು ಭಂಗ ಅಂತ ಪಟ್ಟಿಗೆ ಸೇರಿಸುವವರಿದ್ದಾರೆ. ಯಾವ ಕಾನೂನು ಮುರಿದರು ಸ್ವಾಮಿ? ನಿರ್ಣಯ ಅವರ ಪರವೇ ಇತ್ತು. ನೀರು ಕುಡಿದದ್ದಕ್ಕೆ ಅವರ ಮೇಲೆ ಕೈ ಮಾಡಿದ ಮೇಲ್ಜಾತಿಯವರೇ ಕಾನೂನು ಮುರಿದವರು. ಅದೇ ಡಿಸೆಂಬರಿನಲ್ಲಿ ಮತ್ತೆ ಕೆರೆಗೆ ಹೋಗಬೇಕೆಂದಾಗ ಕೋರ್ಟ್ ತಡೆಯಾಜ್ಞೆ ಬಂತು. ಸಾವಿರಾರು ಜನ ಸೇರಿದ್ದರು. ಆದರೂ ಅಂಬೇಡ್ಕರ್ ಆಜ್ಞೆ ಮುರಿಯಲಿಲ್ಲ, ಕೇಸು ನಡೆಸಿದರು. ಬಾಂಬೆ ಹೈಕೋರ್ಟಿನಲ್ಲಿ ಗೆದ್ದಿದ್ದು 1937ರಲ್ಲಿ.

ಒಬ್ಬರು ಮುರಿದರು, ಒಬ್ಬರು ಪಾಲಿಸಿದರು. ಇಬ್ಬರದೂ ಸರಿ ಅಂತಲೇ ನನ್ನ ಲೆಕ್ಕ. ಅಂಬೇಡ್ಕರರ ಎದುರಾಳಿ ಜಾತಿ, ಸರ್ಕಾರವಲ್ಲ. ಕೋರ್ಟಿನ ಬಾಗಿಲು ಅವರಿಗೆ ಇನ್ನೂ ತೆರೆದಿತ್ತು. ಕಿಂಗ್ ಮುಂದೆ ಅಧಿಕಾರವೇ ಎದುರಾಳಿ. ಅಲ್ಲಿ ಕಾಯಿರಿ ಎಂದರೆ ಚಳವಳಿ ಬಿಡಿ ಎಂದೇ ಅರ್ಥ. ಹಾಗಂತ ಕಾಯುವುದೇನೂ ಪುಕ್ಕಟೆ ಅಲ್ಲ. ಆ ಹತ್ತು ವರ್ಷದ ಬೆಲೆಯನ್ನು ಕೆರೆಗೆ ಇಳಿಯಲಾಗದವರೇ ತೆತ್ತರು. 1949ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್, ಸಂವಿಧಾನದ ದಾರಿ ತೆರೆದಿರುವಾಗ ಸತ್ಯಾಗ್ರಹ, ಕಾನೂನು ಭಂಗ ಬಿಡಬೇಕು ಎಂದರಲ್ಲ, ಅದನ್ನೂ ಈ ಹಿನ್ನೆಲೆಯಲ್ಲೇ ಓದಬೇಕು. ದಾರಿ ತೆರೆದಿರುವಾಗ ಎಂಬುದು ಅಲ್ಲಿ ಮುಖ್ಯ.

ಶಿಕ್ಷೆಗೆ ಸಿದ್ಧ ಎನ್ನುವ ಮಾತಿಗೆ ಇನ್ನೊಂದು ದೌರ್ಬಲ್ಯವೂ ಇದೆ. ಇದರ ಬಗ್ಗೆ ಚರ್ಚೆ ಕಡಿಮೆ. ಅನ್ಯಾಯದ ಕಾನೂನನ್ನೇ ನೇರವಾಗಿ ಮುರಿಯುವುದು ಒಂದು ಬಗೆ. ಅದಕ್ಕೆ ಸಂಬಂಧವಿಲ್ಲದ ಕಾನೂನು ಮುರಿಯುವುದು ಇನ್ನೊಂದು. ರಸ್ತೆ ತಡೆ ಸಾಮಾನ್ಯವಾಗಿ ಈ ಎರಡನೆಯದು. ಅಲ್ಲಿ ಹೊರೆ ಬೀಳುವುದು ಆ ಅನ್ಯಾಯದಲ್ಲಿ ಕೈಯೇ ಇಲ್ಲದವರ ಮೇಲೆ. ರಸ್ತೆಯಲ್ಲಿ ಸಿಕ್ಕಿಕೊಂಡ ಆಂಬುಲೆನ್ಸ್‌ನಲ್ಲಿ ಮಲಗಿದ ರೋಗಿಗೆ, ಹೋರಾಟಗಾರರು ನಾಳೆ ಜೈಲಿಗೆ ಹೋದರೂ ಅದರಿಂದ ಏನೂ ದಕ್ಕುವುದಿಲ್ಲ. ಹಾಗಾಗಿ ಇಂಥ ಹೋರಾಟದವರನ್ನು ನಾನಾದರೆ ಮೊದಲು ಕೇಳುವುದು ಶಿಕ್ಷೆಗೆ ಸಿದ್ಧರಿದ್ದೀರಾ ಅಂತಲ್ಲ, ಆಂಬುಲೆನ್ಸ್‌ಗೆ ದಾರಿ ಬಿಡಲು ಯಾರನ್ನು ನಿಲ್ಲಿಸಿದ್ದೀರಿ ಅಂತ.